ಎಂಟು ಉಲ್ಲೇಖ ಇದ್ದರೂ ಎಐ ಬರೆದ ವಿಕಿ ಲೇಖನ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ: ಕನ್ನಡ ವಿಕಿಪೀಡಿಯಕ್ಕೆ ನಾನು ಹೊಸಬ. ನಮ್ಮೂರು ಮತ್ತು ಅಲ್ಲಿನ ಹಳೆಯ ದೇವಸ್ಥಾನದ ಬಗ್ಗೆ ಲೇಖನ ಇರಲಿಲ್ಲ. ಚಾಟ್‌ಜಿಪಿಟಿಯಿಂದ ಬರೆಸಿ, ಎಂಟು ಉಲ್ಲೇಖಗಳ ಸಮೇತ ಹಾಕಿದೆ. ಮೂರನೇ ದಿನಕ್ಕೆ ಅಳಿಸಬೇಕೆಂದು ಗುರುತು ಹಾಕಿದ್ದಾರೆ. ಕನ್ನಡ ಶುದ್ಧವಾಗಿದೆ, ಉಲ್ಲೇಖವೂ ಇದೆ. ತಪ್ಪು ಎಲ್ಲಾಯಿತು? ಎಐ ಮುಟ್ಟಲೇಬಾರದೇ?

ಉತ್ತರ: ಭಾಷೆಯ ಮಾತು ಆಮೇಲೆ. ಮೊದಲು ಆ ಎಂಟು ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ನೋಡಿ. ಎಐ ಬರೆದ ಲೇಖನಗಳಲ್ಲಿ ಅವು ಕೈಕೊಡುವ ಬಗೆ ನಾಲ್ಕು. ಕೆಲವು ಕೊಂಡಿಗಳು ತೆರೆಯುವುದೇ ಇಲ್ಲ. ಕೆಲವು ಪತ್ರಿಕೆಯ ಅಥವಾ ಇಲಾಖೆಯ ಮುಖಪುಟಕ್ಕೆ ಹೋಗಿ ನಿಲ್ಲುತ್ತವೆ. ಇನ್ನು ಕೆಲವು ಪುಟಗಳು ನಿಜಕ್ಕೂ ಇವೆ, ಆದರೆ ಅಲ್ಲಿ ನಿಮ್ಮೂರಿನ ಹೆಸರೇ ಇರುವುದಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು: ಪುಟವೂ ಇದೆ, ಊರಿನ ಹೆಸರೂ ಇದೆ, ನೀವು ಹೇಳಿದ ಮಾತು ಮಾತ್ರ ಅಲ್ಲಿಲ್ಲ. 'ಕೆರೆಯ ದಂಡೆಯಲ್ಲಿ ಶಿವಾಲಯವಿದೆ' ಎಂದಷ್ಟೇ ಹೇಳುವ ಪುಟವನ್ನು 'ಹೊಯ್ಸಳರು 12ನೇ ಶತಮಾನದಲ್ಲಿ ಕಟ್ಟಿಸಿದರು' ಎಂಬ ವಾಕ್ಯದ ಬೆನ್ನಿಗೆ ಕಟ್ಟಿರುತ್ತದೆ. ಮೊದಲ ಮೂರನ್ನು ಯಾರಾದರೂ ಒಂದು ಕ್ಲಿಕ್ಕಿನಲ್ಲಿ ಹಿಡಿಯುತ್ತಾರೆ. ಇದು ವರ್ಷಗಟ್ಟಲೆ ಉಳಿದುಬಿಡಬಹುದು.

ಹೀಗಾಗುವುದಕ್ಕೆ ಕಾರಣ ಕೆಲಸದ ಕ್ರಮದಲ್ಲಿದೆ. ವಿಶ್ವಕೋಶದಲ್ಲಿ ಆಧಾರ ಮೊದಲು, ವಾಕ್ಯ ಆಮೇಲೆ. ಪುಸ್ತಕ ತೆರೆದು, ಪುಟ ಓದಿ, ಅದರಲ್ಲಿರುವಷ್ಟನ್ನು ನಿಮ್ಮ ಮಾತಿನಲ್ಲಿ ಬರೆಯುತ್ತೀರಿ. ಚಾಟ್‌ಜಿಪಿಟಿಯಂಥ ಭಾಷಾ ಮಾದರಿ ಮಾಡುವುದು, ಇಂಥ ಪ್ರಶ್ನೆಗೆ ಇಂಥ ಪದಗಳ ನಂತರ ಸಾಮಾನ್ಯವಾಗಿ ಯಾವ ಪದ ಬರುತ್ತದೆ ಎಂದು ಊಹಿಸುತ್ತ ಹೋಗುವುದು. ವಾಕ್ಯ ಹುಟ್ಟಿದ ಮೇಲೆ ಅದಕ್ಕೆ ಒಪ್ಪುವಂಥ ಉಲ್ಲೇಖವೂ ಅದೇ ಊಹೆಯಿಂದಲೇ ಹುಟ್ಟುತ್ತದೆ. ಅಂತರ್ಜಾಲ ಹುಡುಕಿ ಉತ್ತರಿಸುವ ಆವೃತ್ತಿಗಳಲ್ಲಿ ಕೊಂಡಿಗಳು ಅಸಲಿಯೇ ಇರುತ್ತವೆ, ನಿಜ. ಆದರೆ ಕೊಂಡಿ ಅಸಲಿಯಾದ ಮಾತ್ರಕ್ಕೆ ವಾಕ್ಯ ಅಸಲಿಯಾಗದು. ನಾಲ್ಕನೇ ಬಗೆಯ ತಪ್ಪು ಹೆಚ್ಚಾಗಿ ಬರುವುದೇ ಇವುಗಳಿಂದ.

ಉಲ್ಲೇಖ ಪುಸ್ತಕವಾಗಿದ್ದರೆ, ಪುಸ್ತಕದ ಗುರುತಿಗೆ ಕೊಡುವ ಐಎಸ್‌ಬಿಎನ್ ಸಂಖ್ಯೆಯನ್ನು ಪರೀಕ್ಷಿಸಬಹುದು. 13 ಅಂಕಿಗಳನ್ನು ಎಡದಿಂದ ಸರದಿಯಂತೆ 1, 3, 1, 3 ಎಂದು ಗುಣಿಸಿ ಕೂಡಿಸಿ. ಮೊತ್ತವನ್ನು 10ರಿಂದ ಭಾಗಿಸಿದಾಗ ಶೇಷ ಉಳಿದರೆ ಸಂಖ್ಯೆಯೇ ಸುಳ್ಳು. ಶೇಷ ಉಳಿಯದಿದ್ದರೂ ಗೆದ್ದಂತಲ್ಲ, ಮನಸ್ಸಿಗೆ ಬಂದಂತೆ ಬರೆದ ಹತ್ತರಲ್ಲಿ ಒಂದು ಸಂಖ್ಯೆ ಹೇಗೂ ಪಾಸಾಗುತ್ತದೆ. ಹಾಗಾಗಿ ಗ್ರಂಥಾಲಯದ ಸೂಚಿಯಲ್ಲಿ ಆ ಸಂಖ್ಯೆ ಹಾಕಿ, ಅದೇ ಶೀರ್ಷಿಕೆ ಬರುತ್ತದೋ ನೋಡಿ. 13 ಅಂಕಿಯ ಪದ್ಧತಿ ಬಂದದ್ದು 2007ರಲ್ಲಿ. 1958ರ ಮೊದಲ ಮುದ್ರಣ ಎಂದು ಹೇಳಿ 13 ಅಂಕಿಯ ಐಎಸ್‌ಬಿಎನ್ ಕೊಟ್ಟಿದ್ದರೆ ಅದು ಮರುಮುದ್ರಣದ್ದಿರಬೇಕು, ಇಲ್ಲವೇ ಕಟ್ಟುಕಥೆ.

ಈಗ ನಿಮ್ಮ ದೇವಸ್ಥಾನಕ್ಕೆ ಬರೋಣ. ದಕ್ಷಿಣ ಕರ್ನಾಟಕದ ಹಳೆಯ ಗುಡಿ ಎಂದರೆ ಸಾಕು, ಎಐ ಅದನ್ನು ಹೊಯ್ಸಳರಿಗೆ, ಅದರಲ್ಲೂ ವಿಷ್ಣುವರ್ಧನನಿಗೆ ಕೊಟ್ಟುಬಿಡುತ್ತದೆ, ಉತ್ತರದ್ದಾದರೆ ಚಾಲುಕ್ಯರಿಗೆ. ಹೆಚ್ಚು ಬರೆಯಲ್ಪಟ್ಟ ಹೆಸರಿನ ಕಡೆಗೆ ಊಹೆ ವಾಲುವುದು ಅದರ ಗುಣ. ಕಟ್ಟಿಸಿದವರ ವಿಚಾರದಲ್ಲೂ ಅಷ್ಟೇ, ದೊರೆಯ ಹೆಸರು ಮೊದಲು ಬಂದು ಕೂರುತ್ತದೆ. ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿಸಿದ್ದು ದೊರೆ ಮೂರನೇ ನರಸಿಂಹನಲ್ಲ, ಅವನ ದಂಡನಾಯಕ ಸೋಮನಾಥ. ಇಷ್ಟು ಪ್ರಸಿದ್ಧ ಗುಡಿಯಲ್ಲೇ ಇಂಥ ವ್ಯತ್ಯಾಸ ಜಾರಿಹೋಗಬಲ್ಲದಾದರೆ, ಅಂತರ್ಜಾಲದಲ್ಲಿ ಎರಡು ಸಾಲೂ ಇಲ್ಲದ ನಿಮ್ಮೂರಿನ ಗುಡಿಯ ಗತಿ ಏನು? ಒಂದೇ ಹೆಸರಿನ ಇಬ್ಬರಿದ್ದರೂ ಕಷ್ಟವೇ. 'ಛಂದೋಂಬುಧಿ' ಬರೆದ ಮೊದಲನೇ ನಾಗವರ್ಮ, 'ಕಾವ್ಯಾವಲೋಕನ' ಬರೆದ ಎರಡನೇ ನಾಗವರ್ಮ ಒಬ್ಬನೇ ಆಗಿಬಿಡುತ್ತಾರೆ.

ಶಾಸನದ ಉಲ್ಲೇಖಗಳಲ್ಲಿ ಇನ್ನೊಂದು ತೊಡಕಿದೆ. ಕರ್ನಾಟಕದ ಶಾಸನಗಳ ಸಂಪುಟಮಾಲೆಯಿಂದ 'ಎಪಿಗ್ರಾಫಿಯಾ ಕರ್ನಾಟಿಕ, ಸಂಪುಟ 5' ಎಂದು ಎಐ ಬರೆದುಕೊಡುತ್ತದೆ. ಶಾಸನದ ಸಂಖ್ಯೆ ಇಲ್ಲ, ಯಾವ ಆವೃತ್ತಿ ಎಂದೂ ಇಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಹಳೆಯ ಸಂಪುಟಗಳಿಗೂ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಿಗೂ ಹಲವೆಡೆ ಸಂಪುಟದ ಸಂಖ್ಯೆ ಬೇರೆ, ಶಾಸನದ ಸಂಖ್ಯೆಯೂ ಬೇರೆ. ಆವೃತ್ತಿ, ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ, ಪುಟ: ಐದೂ ಇದ್ದರೆ ಮಾತ್ರ ಇನ್ನೊಬ್ಬರು ಹೋಗಿ ನೋಡಲು ಸಾಧ್ಯ. ಶಕವರ್ಷವನ್ನು ಕ್ರಿಸ್ತವರ್ಷಕ್ಕೆ ತಿರುಗಿಸುವ ಲೆಕ್ಕವನ್ನೂ ಎಐಗೆ ಬಿಡಬೇಡಿ. ಸಾಮಾನ್ಯವಾಗಿ 78 ಕೂಡಿಸುತ್ತಾರೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದ ಶಕ 1039 ಅಂದರೆ 1117. ವರ್ಷದ ಕೊನೆಯ ತಿಂಗಳುಗಳಾದರೆ 79 ಆಗಬಹುದು. ಸಂಪಾದಕರು ಕೊಟ್ಟಿರುವ ಕ್ರಿಸ್ತವರ್ಷವನ್ನೇ ಎತ್ತಿಕೊಳ್ಳುವುದು ಕ್ಷೇಮ. ಗುಡಿಯ ಮುಂದಿನ ಕಲ್ಲನ್ನು ನೀವೇ ಓದಿ ಅರ್ಥ ಹೇಳುವುದಂತೂ ವಿಕಿಪೀಡಿಯದಲ್ಲಿ ಸ್ವಂತ ಸಂಶೋಧನೆ ಎನಿಸಿಕೊಳ್ಳುತ್ತದೆ. ಓದು ಸರಿಯಿದ್ದರೂ ಅದಕ್ಕೆ ಅಲ್ಲಿ ಜಾಗವಿಲ್ಲ.

ಊರಿನ ಬಗ್ಗೆ ಬರೆದ ಭಾಗದಲ್ಲಿ ಎರಡನ್ನು ಖಂಡಿತ ಪರಿಶೀಲಿಸಿ, ಜಿಲ್ಲೆ ಮತ್ತು ಜನಸಂಖ್ಯೆ. 1997ರಲ್ಲಿ ಧಾರವಾಡದಿಂದ ಗದಗ, ಹಾವೇರಿ ಬೇರೆಯಾದವು. ಬಿಜಾಪುರದಿಂದ ಬಾಗಲಕೋಟೆ, ರಾಯಚೂರಿನಿಂದ ಕೊಪ್ಪಳ ಬಂದವು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಆಯಿತು. ಹಳೆಯ ಪುಸ್ತಕಗಳೆಲ್ಲ ಲಕ್ಕುಂಡಿಯನ್ನು ಧಾರವಾಡ ಜಿಲ್ಲೆ ಎಂದೇ ಹೇಳುತ್ತವೆ, ಹಂಪಿಯನ್ನು ಬಳ್ಳಾರಿ ಜಿಲ್ಲೆ ಎಂದು. ಎಐ ಈ ಎರಡು ಕಾಲವನ್ನೂ ಕಲಸಿ, ಒಂದೇ ಲೇಖನದ ಮೊದಲ ಪ್ಯಾರಾದಲ್ಲಿ ಒಂದು ಜಿಲ್ಲೆ, ಕೊನೆಯಲ್ಲಿ ಇನ್ನೊಂದು ಜಿಲ್ಲೆ ಬರೆಯುತ್ತದೆ. ಜನಸಂಖ್ಯೆಯ ಕತೆ ಇನ್ನೂ ನಾಜೂಕು. '2011ರ ಜನಗಣತಿಯಂತೆ' ಎಂದು ಶುರುವಾದ ವಾಕ್ಯಕ್ಕೆ ಒಂದು ಸಂಖ್ಯೆ ಬೇಕೇ ಬೇಕು, ಹಾಗಾಗಿ ಅದು ಒಂದನ್ನು ತುಂಬುತ್ತದೆ. ಅಸಲಿ ಅಂಕಿ ಬೇಕಾದರೆ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ನಿಮ್ಮ ತಾಲ್ಲೂಕಿನ ಪಟ್ಟಿ ತೆಗೆದು, ಊರಿನ ಹೆಸರಿನ ಜೊತೆ ಆರು ಅಂಕಿಯ ಗ್ರಾಮಸಂಕೇತವನ್ನೂ ಬರೆದುಕೊಳ್ಳಿ. ಹೊಸಹಳ್ಳಿ ಎಂಬ ಹೆಸರಿನ ಊರು ನಾಡಿನಲ್ಲಿ ಎಷ್ಟಿವೆ ಎಂದು ನಿಮಗೇ ಗೊತ್ತು. ಹೆಸರೊಂದನ್ನೇ ನಂಬಿದರೆ ಪಕ್ಕದ ತಾಲ್ಲೂಕಿನ ಜನ ನಿಮ್ಮೂರಿಗೆ ಬಂದು ಸೇರುತ್ತಾರೆ.

ಈಗ ಭಾಷೆ. ಶುದ್ಧವಾಗಿದೆ ಎಂದಿರಿ. ಕಾಗುಣಿತ ಸರಿಯಿದೆ ಎಂಬ ಅರ್ಥದಲ್ಲಿ ಇರಬಹುದು. ಆದರೆ ಹೆಸರುಗಳನ್ನು ಮತ್ತೊಮ್ಮೆ ನೋಡಿ. ಮಾದರಿಗೆ ಗೊತ್ತಿರುವುದರಲ್ಲಿ ಬಹುಪಾಲು ಇಂಗ್ಲಿಷ್ ಪಠ್ಯದಿಂದ ಬಂದದ್ದು. ಅಲ್ಲಿ ಲ-ಳ, ನ-ಣ, ತ-ಟ, ದ-ಡ ಎಲ್ಲ ಒಂದೇ ಅಕ್ಷರದಲ್ಲಿ ಕರಗಿಹೋಗಿರುತ್ತವೆ, ದೀರ್ಘವೂ ಉಳಿದಿರುವುದಿಲ್ಲ. ಅದನ್ನು ಕನ್ನಡಕ್ಕೆ ತಿರುಗಿ ತರುವಾಗ ಅರಳಗುಪ್ಪೆ 'ಅರಲಗುಪ್ಪೆ' ಆಗುತ್ತದೆ, ಮುಳಬಾಗಿಲು 'ಮುಲ್ಬಗಲ್', ಇಟಗಿ 'ಇತಗಿ', ಹಳೇಬೀಡು 'ಹಲೇಬಿಡು'. ದೊಡ್ಡ ಊರುಗಳಲ್ಲಿ ಈ ತಪ್ಪು ಕಡಿಮೆ. ಹಳ್ಳಿ, ಹಳ್ಳ, ಗುಡ್ಡ, ದೇವರು, ಮನೆತನದ ಹೆಸರುಗಳಲ್ಲಿ ಹೆಚ್ಚು. ತಪ್ಪಿದ ಹೆಸರಿನಲ್ಲಿ ಲೇಖನ ನಿಂತರೆ ಹುಡುಕುವವರಿಗೆ ಅದು ಸಿಗುವುದೇ ಇಲ್ಲ.

ವಾಕ್ಯಗಳ ಬಗ್ಗೆಯೂ ಒಂದು ಮಾತು. 'ಸಮೃದ್ಧ ಸಾಂಸ್ಕೃತಿಕ ಪರಂಪರೆಗೆ ಸಾಕ್ಷಿಯಾಗಿ ನಿಂತಿದೆ', 'ಮಹತ್ವದ ಪಾತ್ರ ವಹಿಸುತ್ತದೆ', 'ಕೇವಲ ಪೂಜಾಸ್ಥಳವಲ್ಲ, ಸಮುದಾಯದ ಹೃದಯವಾಗಿದೆ', 'ಕಲೆ, ಸಂಸ್ಕೃತಿ ಮತ್ತು ಆಧ್ಯಾತ್ಮಿಕತೆಯ ಸಂಗಮ'. ನಿಮ್ಮ ಲೇಖನದಲ್ಲಿ ಇವುಗಳಲ್ಲಿ ಎರಡಾದರೂ ಇದ್ದರೆ ಪರಿಶೀಲಿಸುವವರು ಮೊದಲ ಪ್ಯಾರಾದಲ್ಲೇ ಎಚ್ಚೆತ್ತಿರುತ್ತಾರೆ. ಒಂದು ಪರೀಕ್ಷೆ ಮಾಡಿ: ವಾಕ್ಯದಲ್ಲಿ ನಿಮ್ಮೂರಿನ ಹೆಸರು ತೆಗೆದು ಪಕ್ಕದೂರಿನ ಹೆಸರು ಹಾಕಿ. ವಾಕ್ಯ ಹಾಗೆಯೇ ನಿಂತರೆ ಅದರಲ್ಲಿ ಮಾಹಿತಿ ಇಲ್ಲ, ಅಳಿಸಿ. ಮೇಲಿನ ನಾಲ್ಕೂ ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತವೆ. 'ನಿರ್ಮಿಸಲ್ಪಟ್ಟಿತು', 'ಪರಿಗಣಿಸಲ್ಪಡುತ್ತದೆ' ಎಂಬ ಕರ್ಮಣಿ ಸರಪಳಿಯೂ ಅದರ ಗುರುತು. ಪರಿಗಣಿಸಿದವರು ಯಾರು? ಹೆಸರು ಇದ್ದರೆ ಹಾಕಿ, ಇಲ್ಲದಿದ್ದರೆ ವಾಕ್ಯ ಬಿಡಿ.

ಅಂಟಿಕೊಂಡು ಬರುವ ಕಸದ ಕಡೆಗೂ ಕಣ್ಣಿರಲಿ. ದಪ್ಪಕ್ಷರಕ್ಕೆ ವಿಕಿಯಲ್ಲಿ ಮೂರು ಒಂಟಿ ಉದ್ಧರಣ ಚಿಹ್ನೆ ಬಳಸುತ್ತೇವೆ. ಎಐ ಎರಡು ನಕ್ಷತ್ರ ಹಾಕುತ್ತದೆ, ಶೀರ್ಷಿಕೆಗೆ ಸಮಚಿಹ್ನೆಯ ಬದಲು ಹ್ಯಾಶ್ ಹಾಕುತ್ತದೆ. ಕೊಂಡಿಗಳ ಬಾಲದಲ್ಲಿ ಚಾಟ್‌ಜಿಪಿಟಿಯ ಹೆಸರು ಉಳಿದಿರುತ್ತದೆ. 'ಖಂಡಿತ, ನಿಮ್ಮ ಲೇಖನ ಇಲ್ಲಿದೆ' ಎಂಬ ಸಾಲನ್ನೂ ಸೇರಿಸಿ ಅಂಟಿಸಿದವರಿದ್ದಾರೆ. ಇವನ್ನು ಒರೆಸಿದರೆ ಲೇಖನ ಸರಿಹೋಗುವುದಿಲ್ಲ. ಇವು ಇದ್ದರೆ, ಹಾಕಿದವರು ಒಮ್ಮೆಯೂ ಓದಿಲ್ಲ ಎಂಬುದು ಸಾಬೀತಾಗುತ್ತದೆ, ಅಷ್ಟೇ.

ಇಂಗ್ಲಿಷ್ ವಿಕಿಪೀಡಿಯ 2025ರ ಆಗಸ್ಟ್‌ನಲ್ಲಿ ತ್ವರಿತ ಅಳಿಸುವಿಕೆಯ ನಿಯಮಗಳಿಗೆ ಜಿ15 ಎಂಬ ಹೊಸದೊಂದನ್ನು ಸೇರಿಸಿದ್ದು ಇದೇ ತರ್ಕದ ಮೇಲೆ. ಬಳಕೆದಾರರನ್ನು ಉದ್ದೇಶಿಸಿದ ಎಐ ಮಾತು, ಅಸ್ತಿತ್ವದಲ್ಲೇ ಇಲ್ಲದ ಉಲ್ಲೇಖ, ವಿಷಯಕ್ಕೂ ತನಗೂ ಸಂಬಂಧವಿಲ್ಲದ ಉಲ್ಲೇಖ: ಇಂಥವು ಕಂಡರೆ, ಮನುಷ್ಯರು ಯಾರೂ ಪರಿಶೀಲಿಸದೆ ಹಾಕಿದ ಪುಟ ಎಂದು ದೀರ್ಘ ಚರ್ಚೆಯಿಲ್ಲದೆ ತೆಗೆಯಬಹುದು. ಆ ನಿಯಮ ಕನ್ನಡಕ್ಕೆ ತಾನಾಗಿ ಅನ್ವಯಿಸುವುದಿಲ್ಲ, ಪ್ರತಿ ಭಾಷೆಯ ಸಮುದಾಯ ತನ್ನ ನಿಯಮ ತಾನೇ ಮಾಡಿಕೊಳ್ಳುತ್ತದೆ. ಆದರೆ ಪರಿಶೀಲಿಸಲು ಸಾಧ್ಯವಿರಬೇಕು ಎಂಬ ಮೂಲ ನಿಯಮ ಎಲ್ಲ ಭಾಷೆಯಲ್ಲೂ ಇದೆ; ಸುಳ್ಳು ಉಲ್ಲೇಖದ ಪುಟ ತೆಗೆಯಲು ಅದೊಂದೇ ಸಾಕು.

ಕನ್ನಡದವರಿಗೆ ಈ ವಿಚಾರದಲ್ಲಿ ಹಳೆಯ ಗಾಯವೂ ಇದೆ. 2010ರ ಆಸುಪಾಸಿನಲ್ಲಿ ಗೂಗಲ್ ತನ್ನ ಅನುವಾದ ಉಪಕರಣದ ಮೂಲಕ ಕನ್ನಡ, ತಮಿಳು, ತೆಲುಗು, ಹಿಂದಿ ಮೊದಲಾದ ಭಾಷೆಗಳ ವಿಕಿಪೀಡಿಯಗಳಿಗೆ ಉದ್ದುದ್ದ ಲೇಖನಗಳನ್ನು ಹಾಕಿಸಿತು. ಬಾಂಗ್ಲಾ, ತಮಿಳು ಸಮುದಾಯಗಳು ಆಗಲೇ ಪ್ರತಿಭಟಿಸಿದವು. 2003ರಲ್ಲಿ ಶುರುವಾಗಿ ಆಗಿನ್ನೂ ಬೆರಳೆಣಿಕೆಯ ಸಕ್ರಿಯ ಸಂಪಾದಕರಿದ್ದ ಕನ್ನಡದಲ್ಲಿ, ವಾಕ್ಯರಚನೆಯೇ ಇಂಗ್ಲಿಷಿನದಾಗಿದ್ದ ಅಂಥ ಲೇಖನಗಳನ್ನು ತಿದ್ದುವ ಕೆಲಸ ಉಳಿದವರ ಹೆಗಲಿಗೆ ಬಿತ್ತು. ಹಾಕುವುದು ನಿಮಿಷದ ಕೆಲಸ, ತಿದ್ದುವುದು ದಿನದ ಕೆಲಸ. ಈ ಲೆಕ್ಕ ಎಐ ಕಾಲದಲ್ಲಿ ಇನ್ನೂ ಹದಗೆಟ್ಟಿದೆ. ಗ್ರೀನ್‌ಲ್ಯಾಂಡಿಕ್ ಭಾಷೆಯ ವಿಕಿಪೀಡಿಯವನ್ನು ಮುಚ್ಚುವ ತೀರ್ಮಾನ 2025ರಲ್ಲಿ ಬಂತು. ಭಾಷೆ ಬಾರದವರು ಯಂತ್ರದಿಂದ ಮಾಡಿಸಿ ಹಾಕಿದ ಪುಟಗಳು ಅದಕ್ಕೆ ಮುಖ್ಯ ಕಾರಣ. ಸಣ್ಣ ಭಾಷೆಗಳಲ್ಲಿ ಇನ್ನೊಂದು ಸುತ್ತು ಅಪಾಯವಿದೆ: ಭಾಷಾ ಮಾದರಿಗಳು ಆ ಭಾಷೆ ಕಲಿಯುವುದೇ ವಿಕಿಪೀಡಿಯದಂಥ ಕೆಲವೇ ಮೂಲಗಳಿಂದ. ಇಂದು ನಿಮ್ಮ ಲೇಖನದಲ್ಲಿ ಉಳಿದ 'ಅರಲಗುಪ್ಪೆ' ನಾಳೆ ಎಐ ಹೇಳುವ ಉತ್ತರವಾಗುತ್ತದೆ, ನಾಡಿದ್ದು ಯಾರೋ ಅದನ್ನೇ ಆಧಾರ ಎಂದು ತೋರಿಸುತ್ತಾರೆ.

ಹಾಗಾದರೆ ಮುಟ್ಟಲೇಬಾರದೇ? ಲೇಖನ ಬರೆಸಬೇಡಿ. ಸುತ್ತಮುತ್ತಲಿನ ಕೆಲಸಕ್ಕೆ ಬಳಸಿ. ಕೋಷ್ಟಕದ ವಿಕಿ ಸಂಕೇತ ಬರೆದುಕೊಡಲು, ಉಲ್ಲೇಖ ತುಂಬುವ ಸಿದ್ಧ ಚೌಕಟ್ಟು (ಟೆಂಪ್ಲೇಟು) ಯಾಕೆ ಕೆಂಪಾಗಿ ಕಾಣುತ್ತಿದೆ ಎಂದು ಹೇಳಲು ಅದು ಚೆನ್ನಾಗಿದೆ. ಯಾವ ಗೆಜೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ), ಯಾವ ಶಾಸನ ಸಂಪುಟ ನೋಡಬಹುದು ಎಂಬ ಸುಳಿವನ್ನೂ ಕೇಳಬಹುದು, ಸುಳಿವು ಎಂದಷ್ಟೇ ತಿಳಿದುಕೊಂಡು. ನೀವು ಬರೆದ ವಾಕ್ಯವನ್ನೂ ಮೂಲ ಪುಟದ ಪಠ್ಯವನ್ನೂ ಒಟ್ಟಿಗೆ ಕೊಟ್ಟು 'ಈ ವಾಕ್ಯಕ್ಕೆ ಆಧಾರವಾದ ಸಾಲನ್ನು ಇದ್ದಂತೆಯೇ ತೋರಿಸು' ಎಂದು ಕೇಳುವುದು ಒಳ್ಳೆಯ ಉಪಯೋಗ. ಅದು ತೋರಿಸಿದ ಸಾಲನ್ನು ಮೂಲದಲ್ಲಿ ಹುಡುಕಿ ಕಣ್ಣಾರೆ ನೋಡಿದ ಮೇಲೆ ಮಾತ್ರ ನಂಬಿ.

ಇಲ್ಲೊಂದು ಕನ್ನಡದ್ದೇ ಆದ ಬಲೆ ಇದೆ. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಮಾಡಿದ ಪಿಡಿಎಫ್‌ಗಳು ನಮ್ಮಲ್ಲಿ ಬಹಳ. ಪರದೆಯ ಮೇಲೆ ಚಂದದ ಕನ್ನಡ ಕಾಣುತ್ತದೆ, ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಅಂಥ ಕಡತ ಕೊಟ್ಟರೆ ಎಐ 'ಓದಲಾಗಲಿಲ್ಲ' ಎನ್ನುವ ಬದಲು, ಶೀರ್ಷಿಕೆಯ ಸುಳಿವಿನಿಂದ ಒಂದು ಸಾರಾಂಶವನ್ನೇ ಹೆಣೆದು ಕೊಡುವುದುಂಟು. ಮೊದಲು ಎರಡು ಸಾಲು ನಕಲು ಮಾಡಿ ನೋಡಿ. ರಾಶಿ ಬಂದರೆ ಯೂನಿಕೋಡ್ ಪರಿವರ್ತಕದಲ್ಲಿ ತಿರುಗಿಸಿ, ಆಮೇಲೆ ಮುಂದಿನ ಮಾತು. ಸ್ಕ್ಯಾನ್ ಪ್ರತಿಯನ್ನು ಓಸಿಆರ್ (ಚಿತ್ರದಲ್ಲಿರುವ ಅಕ್ಷರವನ್ನು ಪಠ್ಯವಾಗಿಸುವುದು) ಮಾಡಿಸಿದರೆ ಕನ್ನಡ ಅಂಕಿಗಳನ್ನು ತಪ್ಪದೆ ಹೋಲಿಸಿ. ೬ ಮತ್ತು ೯ ಅದಲುಬದಲಾಗುತ್ತವೆ, ಸೊನ್ನೆ ಅನುಸ್ವಾರವಾಗುತ್ತದೆ. ಒಂದು ಅಂಕಿ ತಪ್ಪಿದರೆ ಗುಡಿಯ ವಯಸ್ಸು ನೂರಾರು ವರ್ಷ ಹಿಂದೆ ಮುಂದೆ ಆಗಬಹುದು.

ಇಂಗ್ಲಿಷ್ ಲೇಖನವಿದ್ದು ಅದನ್ನು ಅನುವಾದಿಸುವುದಾದರೆ ವಿಕಿಪೀಡಿಯದ್ದೇ ಅನುವಾದ ಉಪಕರಣ ಇದೆ. ಯಂತ್ರ ಕೊಟ್ಟ ಪಠ್ಯವನ್ನು ನೀವು ಎಷ್ಟು ತಿದ್ದಿದ್ದೀರಿ ಎಂದು ಅದು ಲೆಕ್ಕ ಇಡುತ್ತದೆ, ತಿದ್ದದೆ ಬಿಟ್ಟದ್ದು ಹೆಚ್ಚಾದರೆ ಎಚ್ಚರಿಸುತ್ತದೆ ಅಥವಾ ಪ್ರಕಟಿಸಲು ಬಿಡುವುದಿಲ್ಲ. ಅದರ ಹೊರಗೆ ಅನುವಾದ ಮಾಡಿ ಅಂಟಿಸಿದರೆ, ಯಾವ ಲೇಖನದಿಂದ ಎಂಬುದನ್ನು ಸಂಪಾದನೆಯ ಸಾರಾಂಶದಲ್ಲಿ ಕೊಂಡಿ ಸಮೇತ ಬರೆಯಬೇಕು. ವಿಕಿಪೀಡಿಯದ ಪರವಾನಗಿ ಮೂಲ ಲೇಖಕರಿಗೆ ಮನ್ನಣೆ ಕೇಳುತ್ತದೆ.

ಇನ್ನು ನಿಮ್ಮ ಲೇಖನವನ್ನು ಉಳಿಸುವ ದಾರಿ. ಅಳಿಸುವ ಗುರುತನ್ನು ನೀವೇ ಕಿತ್ತುಹಾಕಬೇಡಿ, ಅದರಿಂದ ಅನುಮಾನ ಹೆಚ್ಚುತ್ತದೆ. ಪಠ್ಯವನ್ನು ನಿಮ್ಮ ಪ್ರಯೋಗಪುಟಕ್ಕೆ (ಕರಡು ಬರೆದು ನೋಡಲು ನಿಮ್ಮ ಖಾತೆಯಡಿ ಇರುವ ಪುಟ) ನಕಲು ಮಾಡಿಕೊಳ್ಳಿ. ಪ್ರತಿ ವಾಕ್ಯದ ಮುಂದೆ ಪುಟ ಸಂಖ್ಯೆ ಸಮೇತ ಆಧಾರ ಬರೆಯುತ್ತ ಹೋಗಿ. ಬರೆಯಲಾಗದ ವಾಕ್ಯ ತೆಗೆಯಿರಿ. ಆರು ಪ್ಯಾರಾದ ಲೇಖನ ಮೂರು ವಾಕ್ಯಕ್ಕೆ ಇಳಿದರೆ ಹೆದರಬೇಕಿಲ್ಲ, ಹೆಚ್ಚಿನವು ಅಷ್ಟಕ್ಕೇ ಇಳಿಯುತ್ತವೆ. ಆಮೇಲೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಕೂತು ಜಿಲ್ಲಾ ಗೆಜೆಟಿಯರ್, ಶಾಸನ ಸಂಪುಟ, ಜನಗಣತಿ ಕೈಪಿಡಿ ಈ ಮೂರನ್ನು ನೋಡಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳು ಮುಕ್ತ ಪುಸ್ತಕಗಳ ತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಅಲ್ಲೂ ಹುಡುಕಿ. ದೇವಸ್ಥಾನದ ಸಮಿತಿ ಹಂಚಿದ ಕರಪತ್ರ, ಯೂಟ್ಯೂಬ್ ವಿಡಿಯೊ, ಫೇಸ್‌ಬುಕ್ ಪುಟ ಲೆಕ್ಕಕ್ಕಿಲ್ಲ. ಸ್ಥಳಪುರಾಣ ಅಚ್ಚಾದ ಪುಸ್ತಕದಲ್ಲಿದ್ದರೆ 'ಸ್ಥಳಪುರಾಣದ ಪ್ರಕಾರ' ಎಂದು ಹೇಳಿಯೇ ಬರೆಯಿರಿ, ಇತಿಹಾಸದ ವಾಕ್ಯದೊಳಗೆ ಅದನ್ನು ಬೆರೆಸಬೇಡಿ.

ತಾಲ್ಲೂಕು, ಜಿಲ್ಲೆ, ಗ್ರಾಮಸಂಕೇತ, 2011ರ ಜನಸಂಖ್ಯೆ, ಗುಡಿಯ ಬಗ್ಗೆ ಗೆಜೆಟಿಯರ್ ಹೇಳಿದ ಎರಡು ಸಾಲು, ಪ್ರಕಟವಾದ ಶಾಸನವಿದ್ದರೆ ಅದರ ವಿವರ. ಎಂಟು ಹತ್ತು ವಾಕ್ಯವಾಗುತ್ತದೆ. ವಿಶ್ವಕೋಶಕ್ಕೆ ಇದು ಗೌರವಾನ್ವಿತ ಲೇಖನ. ಗುಡಿಯ ಬಗ್ಗೆ ಸ್ವತಂತ್ರ ಆಧಾರ ಒಂದೂ ಸಿಗದಿದ್ದರೆ ಅದಕ್ಕೆ ಬೇರೆ ಲೇಖನ ಬೇಡ, ಊರಿನ ಲೇಖನದಲ್ಲೇ ಒಂದು ವಾಕ್ಯ ಸಾಕು. ನೀವೇ ತೆಗೆದ ನಾಲ್ಕು ಫೋಟೊಗಳನ್ನು, ಗುಡಿಯ ಎದುರು, ಪಕ್ಕ, ಶಾಸನದ ಕಲ್ಲು, ಕೆರೆ, ಮುಕ್ತ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ. ಇದು ಎಐ ಎಷ್ಟು ಹೆಣಗಿದರೂ ಕೊಡಲಾಗದ ವಸ್ತು, ಊರಿನವರೇ ಕೊಡಬೇಕು. ಎಐ ಚಿತ್ರಿಸಿದ ಗುಡಿಯನ್ನು ಮಾತ್ರ ಹಾಕಬೇಡಿ.

ಕೊನೆಗೆ ಚರ್ಚೆಪುಟ. ಗುರುತು ಹಾಕಿದವರಿಗೆ ಉತ್ತರಿಸುವಾಗ ಆ ಉತ್ತರವನ್ನು ಎಐಯಿಂದ ಬರೆಸುವುದು ಹೊಸಬರು ಮಾಡುವ ಅತಿ ದುಬಾರಿ ತಪ್ಪು. ನಿಯಮಗಳ ಹೆಸರು ತುಂಬಿದ ಮೂರು ಪ್ಯಾರಾ ಸಮರ್ಥನೆ ಕಂಡ ಕೂಡಲೇ ಎದುರಿನವರು ಮಾತು ಮುಗಿಸಿಬಿಡುತ್ತಾರೆ. ಎರಡೇ ಸಾಲು ಸಾಕು: 'ಎಐ ಬಳಸಿ ಬರೆದಿದ್ದೆ, ಉಲ್ಲೇಖಗಳನ್ನು ಪರಿಶೀಲಿಸಿರಲಿಲ್ಲ. ಪ್ರಯೋಗಪುಟದಲ್ಲಿ ಆಧಾರ ಸಮೇತ ಮತ್ತೆ ಬರೆಯುತ್ತಿದ್ದೇನೆ, ಆದ ಮೇಲೆ ನೋಡಿ ಹೇಳುತ್ತೀರಾ?' ಕೆಳಗೆ ಸಹಿ ಹಾಕಲು ನಾಲ್ಕು ಅಲೆಗೆರೆ (~~~~) ಮರೆಯಬೇಡಿ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟವಾದ 'ಅರಳಿ ಕಟ್ಟೆ'ಯಲ್ಲಿ ಕೇಳಿ. ಅಷ್ಟರಲ್ಲಿ ಪುಟ ಅಳಿಸಿಹೋಗಿದ್ದರೂ ಗಾಬರಿ ಬೇಡ. ಅಳಿಸಿದ ಪುಟದ ಪಠ್ಯ ನಿರ್ವಾಹಕರಿಗೆ ಕಾಣುತ್ತದೆ, ಕೇಳಿಕೊಂಡರೆ ಅದನ್ನು ನಿಮ್ಮ ಪ್ರಯೋಗಪುಟಕ್ಕೆ ಹಾಕಿಕೊಡಬಲ್ಲರು.